ವಿದ್ಯುತ್ ಹಾಗೂ ನೀರಿನ ಬಿಲ್ಲು: ತಕರಾರು ಸಲ್ಲಿಸುವ ಕ್ರಮ

ಶಹಾಪುರ ತಾಲ್ಲೂಕಿನ ಅನೇಕ ಕುಟುಂಬಗಳು ಕೂಲಿ ಅರಸಿ ಬೆಂಗಳೂರು ಮೊದಲಾದ ನಗರಗಳಿಗೆ ತೆರಳುತ್ತವೆ. ಮನೆಗೆ ಬೀಗವಿದ್ದಾಗ ಮೀಟರ್ ಓದಲು ಸಾಧ್ಯವಾಗದೆ ಸರಾಸರಿ ಬಳಕೆಯ ಆಧಾರದ ಮೇಲೆ ಬಿಲ್ಲು ನೀಡಲಾಗುತ್ತದೆ. ಊರಿಗೆ ಮರಳಿದವರು ಬಾಕಿಯ ಮೊತ್ತ ಕಂಡು ಮೀಟರ್ ಓದುವವರೊಡನೆ ವಾಗ್ವಾದ ನಡೆಸಿ, ಪಾವತಿಯನ್ನೇ ನಿಲ್ಲಿಸುವುದುಂಟು. ಬಾಯಿಮಾತಿನ ತಕರಾರಿಗೆ ದಾಖಲೆ ಇರುವುದಿಲ್ಲ. ಪಾವತಿಯಾಗದ ಬಿಲ್ಲು ಮಾತ್ರ ಬಾಕಿಯೆಂದು ದಾಖಲಾಗುತ್ತದೆ. ಆದುದರಿಂದ ಸಂಪರ್ಕ ಉಳಿಸಿಕೊಂಡೇ ತಕರಾರು ಸಲ್ಲಿಸುವ ಕ್ರಮವನ್ನು ಗ್ರಾಹಕರು ಅರಿತಿರುವುದು ಅವಶ್ಯ.

ಸಂಪರ್ಕ ಕಡಿತದ ನಿಯಮ

ವಿದ್ಯುಚ್ಛಕ್ತಿ ಅಧಿನಿಯಮ, 2003ರ 56ನೇ ಪ್ರಕರಣದಂತೆ, ಬಾಕಿಗಾಗಿ ಸಂಪರ್ಕ ಕಡಿತಗೊಳಿಸುವ ಮುನ್ನ ಕನಿಷ್ಠ 15 ಪೂರ್ಣ ದಿನಗಳ ಲಿಖಿತ ನೋಟಿಸ್ ನೀಡತಕ್ಕದ್ದು. ಬಿಲ್ಲಿನ ಬಗ್ಗೆ ವಿವಾದವಿದ್ದಲ್ಲಿ, ಕೇಳಲಾದ ಪೂರ್ಣ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ ಶುಲ್ಕ, ಇವೆರಡರಲ್ಲಿ ಕಡಿಮೆಯಾದುದನ್ನು ಗ್ರಾಹಕರು ‘ಆಕ್ಷೇಪಣೆಗೆ ಒಳಪಟ್ಟು’ ಎಂದು ನಮೂದಿಸಿ ಠೇವಣಿ ಮಾಡಬಹುದು. ಹೀಗೆ ಪಾವತಿಸಿದಲ್ಲಿ ವಿವಾದ ಇತ್ಯರ್ಥವಾಗುವವರೆಗೆ ಸಂಪರ್ಕ ಕಡಿತಗೊಳಿಸುವಂತಿಲ್ಲ.

ಬಿಲ್ಲಿನಲ್ಲಿ ಸತತವಾಗಿ ತೋರಿಸದ ಹಳೆಯ ಬಾಕಿಯನ್ನು, ಅದು ಮೊದಲು ಸಲ್ಲತಕ್ಕ ದಿನದಿಂದ ಎರಡು ವರ್ಷಗಳ ನಂತರ ಮುಂದಿಟ್ಟು ಸಂಪರ್ಕ ಕಡಿತಗೊಳಿಸಲು ಅವಕಾಶವಿಲ್ಲ. ಆದರೆ ಅಂತಹ ಬಾಕಿಯನ್ನು ಇತರ ಕಾನೂನುಬದ್ಧ ಮಾರ್ಗದಿಂದ ವಸೂಲು ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತಿಳಿಸಿದೆ.

ಗೃಹಜ್ಯೋತಿ ಬಿಲ್ಲು

2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಚಾಲನೆಗೊಂಡ ಈ ಯೋಜನೆಯಲ್ಲಿ 200 ಯೂನಿಟ್ ಎಂಬುದು ಗರಿಷ್ಠ ಮಿತಿ. ಪ್ರತಿ ಮನೆಯ ಉಚಿತ ಪ್ರಮಾಣವನ್ನು 2022-23ರ ಸರಾಸರಿ ಬಳಕೆಯ ಮೇಲೆ ನಿಗದಿಪಡಿಸಲಾಗಿದೆ. ಉದಾಹರಣೆಗೆ, ಸರಾಸರಿ 60 ಯೂನಿಟ್ ಇದ್ದ ಮನೆಗೆ ಶೇ 10 ಸೇರಿ 66 ಯೂನಿಟ್ ಉಚಿತ. 80 ಯೂನಿಟ್ ಬಳಸಿದರೆ 14 ಯೂನಿಟ್‌ಗಳ ಹಣ ಕಟ್ಟಬೇಕು. ಬಳಕೆ 200 ಯೂನಿಟ್ ಮೀರಿದರೆ ಪೂರ್ಣ ಬಿಲ್ಲು ಅನ್ವಯಿಸುತ್ತದೆ. ಆ ವರ್ಷ ವಲಸೆ ಹೋಗಿದ್ದವರ ಸರಾಸರಿಯೇ ಕಡಿಮೆ ಇರುವುದರಿಂದ ಉಚಿತ ಪ್ರಮಾಣವೂ ಕಡಿಮೆ ಇರುತ್ತದೆ. ‘ಉಚಿತವಿದ್ದರೂ ಬಿಲ್ಲು ಬಂದಿದೆ’ ಎಂಬ ದೂರಿಗೆ ಮುನ್ನ ಬಿಲ್ಲಿನಲ್ಲಿರುವ ಈ ಪ್ರಮಾಣವನ್ನು ನೋಡುವುದು ಸೂಕ್ತ.

ದೂರಿನ ಹಂತಗಳು

1. ಬಿಲ್ಲಿನಲ್ಲಿರುವ ಓದನ್ನು ಮೀಟರಿನ ಓದಿನೊಂದಿಗೆ ಹೋಲಿಸಿ, ದಿನಾಂಕ ಸಹಿತ ಬರೆದಿಟ್ಟುಕೊಳ್ಳುವುದು.

2. ಜೆಸ್ಕಾಂ ಉಪವಿಭಾಗ ಕಚೇರಿಗೆ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯುವುದು. 1912 ಸಹಾಯವಾಣಿಯಲ್ಲಿ ದಾಖಲಿಸಿದಲ್ಲಿ ದೂರಿನ ಸಂಖ್ಯೆಯನ್ನು ಕಾಯ್ದಿರಿಸುವುದು. ಮೀಟರ್ ದೋಷದ ಶಂಕೆಯಿದ್ದರೆ ಶುಲ್ಕ ಪಾವತಿಸಿ ಪರೀಕ್ಷೆ ಕೋರಬಹುದು.

3. ಪರಿಹಾರ ದೊರೆಯದಿದ್ದಲ್ಲಿ ಜೆಸ್ಕಾಂನ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ, ಅಲ್ಲಿಯೂ ಸಮಾಧಾನವಾಗದಿದ್ದಲ್ಲಿ ವಿದ್ಯುತ್ ಓಂಬುಡ್ಸ್‌ಮನ್‌ಗೆ ಮನವಿ ಸಲ್ಲಿಸುವುದು. ಸೇವಾ ನ್ಯೂನತೆಗಾಗಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದ ಮಾರ್ಗವೂ ಇದೆ.

ಅನಧಿಕೃತ ಬಳಕೆಗಾಗಿ 126ನೇ ಪ್ರಕರಣದಡಿ ವಿಧಿಸಿದ ಮೊತ್ತಕ್ಕೆ ಈ ಕ್ರಮ ಅನ್ವಯಿಸುವುದಿಲ್ಲ. ಅದಕ್ಕೆ ಮೊದಲು ಆಕ್ಷೇಪಣೆ ಸಲ್ಲಿಸಿ, ಅಂತಿಮ ಆದೇಶದ ನಂತರ 30 ದಿನಗಳೊಳಗೆ ಅರ್ಧ ಮೊತ್ತ ಠೇವಣಿಯಿಟ್ಟು ಮೇಲ್ಮನವಿ ಸಲ್ಲಿಸಬೇಕು. ಇಂತಹ ದೂರುಗಳು ಗ್ರಾಹಕ ವೇದಿಕೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ತೀರ್ಪು ನೀಡಿದೆ.

ನೀರಿನ ಬಿಲ್ಲು

ಗ್ರಾಮಗಳಲ್ಲಿ ನೀರಿನ ಕರವನ್ನು ಗ್ರಾಮ ಪಂಚಾಯಿತಿಯೂ, ಶಹಾಪುರ ಪಟ್ಟಣದಲ್ಲಿ ನಗರಸಭೆಯೂ ವಸೂಲು ಮಾಡುತ್ತವೆ. ವಿದ್ಯುಚ್ಛಕ್ತಿ ಅಧಿನಿಯಮದ ಮೇಲಿನ ರಕ್ಷಣೆ ನೀರಿಗೆ ಅನ್ವಯಿಸುವುದಿಲ್ಲ. ಗ್ರಾಮಸ್ಥರು ಹಿಂದಿನ ರಸೀದಿಗಳ ಪ್ರತಿಯೊಂದಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಲಿಖಿತ ಮನವಿ ನೀಡಿ, ಇತ್ಯರ್ಥವಾಗದಿದ್ದಲ್ಲಿ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಯ ಗಮನಕ್ಕೆ ತರಬಹುದು. ಕರ ಪಾವತಿಸಿದಾಗಲೆಲ್ಲ ರಸೀದಿ ಕೇಳಿ ಪಡೆಯತಕ್ಕದ್ದು. ರಸೀದಿ ಇಲ್ಲದೆ ಕೈಗೆ ಕೊಟ್ಟ ಹಣವನ್ನು ಮುಂದೆ ರುಜುವಾತುಪಡಿಸುವುದು ಕಷ್ಟ.

ವಲಸೆ ಹೊರಡುವ ಕುಟುಂಬಗಳು ಕೊನೆಯ ಬಿಲ್ಲು ಮತ್ತು ಮೀಟರ್ ಓದನ್ನು ಊರಿನಲ್ಲಿ ಉಳಿಯುವ ಬಂಧುಗಳ ಬಳಿ ಇಟ್ಟು ಹೋಗುವುದು ಒಳಿತು. ಗ್ರಾಮ ಪಂಚಾಯಿತಿಗಳು ಈ ಮಾಹಿತಿಯನ್ನು ಸೂಚನಾ ಫಲಕದಲ್ಲಿ ಪ್ರಕಟಿಸಿ, ಗ್ರಾಮಸಭೆಯಲ್ಲಿ ಓದಿ ತಿಳಿಸುವುದು.