ಅಂಡದಾನಕ್ಕೆ ಒಪ್ಪುವ ಮುನ್ನ

ಮಕ್ಕಳಿಲ್ಲದ ಮನೆಯ ಸಂಕಟವನ್ನು ನಮ್ಮ ಗೃಹಿಣಿಯರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಅರಳಿಕಟ್ಟೆಯನ್ನು ಸುತ್ತಿ, ನಾಗರಕಲ್ಲಿಗೆ ಹಾಲೆರೆದು, ಕೊನೆಗೆ ವೈದ್ಯರ ಬಾಗಿಲಿಗೆ ಬರುವ ದಂಪತಿಗಳು ಮಂಡ್ಯದ ಸೀಮೆಯಲ್ಲಿಯೂ ಉಂಟು. ಕೆಲವರಿಗೆ ಗರ್ಭಾಶಯವು ನೆಟ್ಟಗಿದ್ದರೂ ಅಂಡಗಳು ಬರಿದಾಗಿರುತ್ತವೆ. ಅಂಥವಳಿಗೆ ಮತ್ತೊಬ್ಬ ಸ್ತ್ರೀಯು ತನ್ನ ಅಂಡವನ್ನು ಕೊಟ್ಟರೆ, ಅದನ್ನು ಪ್ರಯೋಗಶಾಲೆಯಲ್ಲಿ ಪತಿಯ ವೀರ್ಯಾಣುವಿನೊಡನೆ ಕೂಡಿಸಿ, ಆ ಭ್ರೂಣವನ್ನು ಆಕೆಯ ಗರ್ಭದಲ್ಲಿ ಇರಿಸಬಹುದು. ೧೯೭೮ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಪ್ರಣಾಳಶಿಶು ಹುಟ್ಟಿತಷ್ಟೆ. ಅದಾಗಿ ಏಳು ವರ್ಷ ತುಂಬುವುದರೊಳಗೆ ದಾನದ ಅಂಡದಿಂದಲೂ ಶಿಶುಗಳು ಜನಿಸಿದುವು.

ಪಡೆಯುವವಳ ಮಾತನ್ನು ಎಲ್ಲರೂ ಆಡುವರು. ಕೊಡುವವಳ ಮಾತನ್ನು ಆಡುವವರು ಕಡಿಮೆ. ಸೂಜಿಯೂ ನೋವೂ ಅವಳವಾಗಿರುವಾಗ ಮುಂದೇನಾಗುವುದೆಂಬುದು ಮೊದಲು ಅವಳಿಗೆ ತಿಳಿದಿರಬೇಡವೆ?

೨೦೨೧ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನದ ಕಾಯಿದೆಯು ೨೦೨೨ರ ಜನವರಿಯಿಂದ ಜಾರಿಯಲ್ಲಿದೆ. ಅದರ ಪ್ರಕಾರ ಅಂಡ ಕೊಡುವವಳಿಗೆ ೨೩ ವರ್ಷ ತುಂಬಿರಬೇಕು, ೩೫ ಮೀರಿರಕೂಡದು. ಜನ್ಮದಲ್ಲಿ ಒಂದೇ ಸಲ ಕೊಡಬಹುದು. ಏಳಕ್ಕಿಂತ ಹೆಚ್ಚು ಅಂಡಗಳನ್ನು ತೆಗೆಯಕೂಡದು. ಒಬ್ಬಳ ಅಂಡಗಳು ಒಂದೇ ದಂಪತಿಗಳಿಗೆ ಸಲ್ಲತಕ್ಕವು. ಪಡೆಯುವವರು ಆಕೆಯ ಹೆಸರಿನಲ್ಲಿ ೧೨ ತಿಂಗಳ ವಿಮೆಯನ್ನು ಮಾಡಿಸಬೇಕು. ಅಂಡದ ಮಾರಾಟಕ್ಕೆ ನಿಷೇಧವುಂಟು. ದಾನಿಯನ್ನು ಪರೀಕ್ಷಿಸಿ ದಾಖಲೆ ಇಡುವುದು ನೋಂದಾಯಿತ ಬ್ಯಾಂಕಿನ ಕೆಲಸ. ಬ್ಯಾಂಕೆಂದೊಡನೆ ಹಣದ ಬ್ಯಾಂಕೆಂದು ತಿಳಿಯಬಾರದು. ಹೆಸರೇನೋ ವಿಚಿತ್ರವೇ ಸರಿ.

ಇನ್ನು ಕ್ರಮ. ಮೊದಲು ರಕ್ತಪರೀಕ್ಷೆ: ಎಚ್‌ಐವಿ, ಕಾಮಾಲೆಯ ಬಿ ಮತ್ತು ಸಿ ವಿಷಾಣುಗಳು, ಸಿಫಿಲಿಸ್ ಇವೆಯೇ ಎಂದು ನೋಡುವರು. ವಂಶದಲ್ಲಿ ಬಂದ ರೋಗಗಳನ್ನು ವಿಚಾರಿಸುವರು. ಸ್ಕ್ಯಾನಿಂಗ್ ಯಂತ್ರದಿಂದ ಅಂಡಾಶಯವನ್ನು ಪರೀಕ್ಷಿಸುವರು. ಎಲ್ಲವೂ ಸರಿಯಿದ್ದರೆ ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನದಿಂದ ಸೂಜಿಮದ್ದು ಮೊದಲಾಗುವುದು. ದಿನಕ್ಕೊಂದರಂತೆ, ಕೆಲವು ದಿನ ಎರಡರಂತೆ, ಸುಮಾರು ೧೦ ದಿನ ಹೊಟ್ಟೆಯ ಚರ್ಮದಡಿಗೆ ಚುಚ್ಚುವರು. ಪ್ರತಿ ತಿಂಗಳೂ ಹಲವು ಅಂಡಗಳು ಬೆಳೆಯತೊಡಗಿ, ಒಂದು ಮಾತ್ರ ಬಲಿತು, ಮಿಕ್ಕವು ಬಾಡಿಹೋಗುವುವು. ಹಾಗೆ ಬಾಡತಕ್ಕವನ್ನೇ ಈ ಮದ್ದು ಉಳಿಸಿ ಬಲಿಸುವುದು. ಆದುದರಿಂದ ಮುಂದಿನ ವರ್ಷಗಳ ಅಂಡಗಳೆಲ್ಲ ಖರ್ಚಾಗಿಹೋಗುವುವೆಂಬ ಭಯ ಬೇಡ.

ಈ ದಿನಗಳಲ್ಲಿ ಹೊಟ್ಟೆ ಉಬ್ಬುವುದು, ಎದೆ ಬಿಗಿಯುವುದು, ತಲೆನೋವು, ಸಿಡುಕು ಇವು ಸಾಮಾನ್ಯ. ದಾಂಪತ್ಯ ಸಂಬಂಧವನ್ನು ನಿಲ್ಲಿಸಬೇಕು. ಇಲ್ಲವಾದರೆ ಅವಳಿಗೇ ಗರ್ಭ ನಿಲ್ಲಬಹುದು. ಕಬ್ಬಿನ ಹೊರೆ ಹೊರುವ ಕೆಲಸವೂ ಆಗದು. ದೊಡ್ಡದಾದ ಅಂಡಾಶಯವು ತಿರುಚಿಕೊಳ್ಳುವ ಅಪಾಯವುಂಟು. ಎರಡು ಮೂರು ದಿನಗಳಿಗೊಮ್ಮೆ ಪರೀಕ್ಷೆಗೆ ಹೋಗಬೇಕು. ಮದ್ದೂರಿನವರಿಗೆ ಬೆಂಗಳೂರಿನ ರೈಲುಂಟು. ರೈಲಿಲ್ಲದ ಮಳವಳ್ಳಿಯ ಹೆಂಗಸು ಮೈಸೂರಿಗೋ ಬೆಂಗಳೂರಿಗೋ ಬಸ್ಸಿನಲ್ಲಿ ತೂಗಾಡುತ್ತ ನಾಲ್ಕಾರು ಸಲ ಹೋಗಿಬರಬೇಕಾದೀತು, ಕೂಲಿಯೂ ತಪ್ಪುವುದು. ಪ್ರಯಾಣದ ಖರ್ಚು ಯಾರದೆಂಬುದನ್ನು ಮೊದಲೇ ಕೇಳಿಕೊಳ್ಳುವುದರಲ್ಲಿ ಸಂಕೋಚವೇನು?

ಅಂಡಗಳು ಬಲಿತ ಮೇಲೆ ಕೊನೆಯದೊಂದು ಸೂಜಿ. ಅದನ್ನು ಹೇಳಿದ ಗಂಟೆಗೆ ಸರಿಯಾಗಿ ಹಾಕಿಸಿಕೊಳ್ಳಬೇಕು. ಅದಾದ ೩೬ ಗಂಟೆಗಳ ಸುಮಾರಿಗೆ ಅಂಡವನ್ನು ತೆಗೆಯುವರು. ಆ ದಿನ ಬರಿಹೊಟ್ಟೆಯಲ್ಲಿ ಹೋಗತಕ್ಕದ್ದು. ಅರಿವಳಿಕೆ ಕೊಟ್ಟು, ಸ್ಕ್ಯಾನಿಂಗಿನಲ್ಲಿ ನೋಡುತ್ತ, ಯೋನಿಯ ಮಾರ್ಗವಾಗಿ ತೆಳುವಾದ ಸೂಜಿಯಿಂದ ಅಂಡಗಳನ್ನು ಹೀರಿಕೊಳ್ಳುವರು. ಹೊಟ್ಟೆ ಕೊಯ್ಯುವುದಿಲ್ಲ, ಹೊಲಿಗೆಯೂ ಇಲ್ಲ. ಅರ್ಧ ಗಂಟೆಯೊಳಗೆ ಮುಗಿಯುವ ಕೆಲಸ. ಸಂಜೆಗೆ ಮನೆಗೆ ಬರಬಹುದು, ಆದರೆ ಜೊತೆಗೊಬ್ಬರು ಬೇಕು. ಒಂದೆರಡು ದಿನ ಹೊಟ್ಟೆ ಹಿಂಡುವುದು, ತುಸು ರಕ್ತ ಕಾಣುವುದು ಸಹಜ. ಎರಡು ವಾರಗಳ ಸುಮಾರಿಗೆ ಮುಟ್ಟು ಬರುವುದು.

ಅಪರೂಪಕ್ಕೆ ಮದ್ದಿನ ಪರಿಣಾಮವು ಮಿತಿಮೀರಿ ಹೊಟ್ಟೆಯಲ್ಲಿ ನೀರು ತುಂಬುವುದುಂಟು. ಹೊಟ್ಟೆ ಬಿರುಸಾಗಿ ಊದಿಕೊಂಡರೆ, ತೂಕ ದಿನದಿನಕ್ಕೆ ಏರಿದರೆ, ಮೂತ್ರ ಕಡಿಮೆಯಾದರೆ, ವಾಂತಿ ನಿಲ್ಲದಿದ್ದರೆ, ಉಸಿರು ಕಟ್ಟಿದರೆ ಬೆಳಗಾಗಲೆಂದು ಕಾಯಕೂಡದು. ಮಂಡ್ಯದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ರಾತ್ರಿಯಾದರೂ ಹೋಗಬೇಕು. ಅಲ್ಲಿ ಏನನ್ನೂ ಮರೆಮಾಚದೆ ಯಾವ ಮದ್ದು ಯಾವ ದಿನ ಕೊಟ್ಟರೆಂಬ ಚೀಟಿಯನ್ನು ತೋರಿಸತಕ್ಕದ್ದು. ನಾಚಿಕೆಯಿಂದ ಬೇರೇನೋ ಹೇಳಿದರೆ ವೈದ್ಯರು ದಾರಿ ತಪ್ಪುವರು.

ದೇಹದ ಅಪಾಯಕ್ಕಿಂತ ನನಗೆ ಹೆಚ್ಚಿನ ಅಂಜಿಕೆ ದಲ್ಲಾಳಿಯದು. ಮಳವಳ್ಳಿಯ ನೆರೆಯಲ್ಲಿ ಹರಿದುಹೋಗುವ ಕಾವೇರಿಯೇ ಮುಂದೆ ತಮಿಳುನಾಡಿನ ಈರೋಡಿನ ದಡವನ್ನು ತೊಳೆಯುವುದು. ಆ ಊರಿನಲ್ಲಿ ೨೦೨೨ರಲ್ಲಿ ಬಯಲಾದ ಸಂಗತಿಯನ್ನು ಕೇಳಿದರೆ ಮೈ ನಡುಗುತ್ತದೆ. ೧೬ ವರ್ಷದ ಬಾಲಿಕೆಯ ವಯಸ್ಸನ್ನು ಸುಳ್ಳು ಆಧಾರ್ ಚೀಟಿಯಲ್ಲಿ ಏರಿಸಿ, ಅವಳ ಅಂಡಗಳನ್ನು ಹಲವು ಸಲ ಮಾರಿಸಲಾಗಿತ್ತು. ಪೋಲೀಸರು ಹಿಡಿದವರಲ್ಲಿ ಒಬ್ಬಳು ದಲ್ಲಾಳಿ. ಇನ್ನೊಬ್ಬಳು ಹೆತ್ತ ತಾಯಿ! ನಮ್ಮ ಜಿಲ್ಲೆಯೂ ಇಂಥ ವಿಷಯದಲ್ಲಿ ನಿಷ್ಕಳಂಕವೆನ್ನುವಂತಿಲ್ಲ. ಬೆಲ್ಲ ಬೇಯಿಸತಕ್ಕ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವನ್ನಿಟ್ಟು ಗರ್ಭದ ಶಿಶು ಹೆಣ್ಣೋ ಗಂಡೋ ಎಂದು ನೋಡುತ್ತಿದ್ದುದು ೨೦೨೩ರಲ್ಲಿ ಹೊರಬಿದ್ದಿತಲ್ಲವೆ? ಸ್ವಸಹಾಯ ಸಂಘದ ಕಂತು ಕಟ್ಟಲಾರದ ಮನೆಗೆ ಯಾರಾದರೂ ಬಂದು, "ಹತ್ತು ದಿನದ ಕೆಲಸ, ಕೈತುಂಬ ಹಣ, ಗಂಡನಿಗೂ ತಿಳಿಯದು" ಎಂದರೆ ಅವರ ಸಂಗಡ ಹೋಗಲಾಗದು. ಒಮ್ಮೆ ಕೊಟ್ಟವಳನ್ನು ಬೇರೆ ಹೆಸರಿನಲ್ಲಿ ಮತ್ತೆ ಕರೆದೊಯ್ಯುವವರು ಅವಳ ಆರೋಗ್ಯವನ್ನು ಲೆಕ್ಕಿಸುವರೆ? ದಾನಿಯನ್ನು ಶೋಷಿಸಿದವರಿಗೆ ಮೊದಲ ಸಲವೇ ೫ ಲಕ್ಷದಿಂದ ೧೦ ಲಕ್ಷ ರೂಪಾಯಿನವರೆಗೆ ದಂಡವುಂಟು. ಮತ್ತೆ ಮಾಡಿದರೆ ಸೆರೆಮನೆ.

ಹುಟ್ಟುವ ಮಗುವಿನ ಮೇಲೆ ಕೊಟ್ಟವಳಿಗೆ ಹಕ್ಕಿಲ್ಲ. ಒಡಹುಟ್ಟಿದವರ ನಡುವೆಯೂ ಈ ಪ್ರಶ್ನೆ ಏಳುವುದುಂಟು. ತಂಗಿಯೊಬ್ಬಳು ಅಕ್ಕನಿಗಾಗಿ ಅಂಡ ಕೊಟ್ಟಿದ್ದಳು. ಬಾಡಿಗೆ ತಾಯಿಯೊಬ್ಬಳ ಗರ್ಭದಿಂದ ಅವಳಿ ಹೆಣ್ಣುಮಕ್ಕಳು ಹುಟ್ಟಿದರು. ಮುಂದೆ ಆ ಮಕ್ಕಳು ಯಾರವರೆಂಬ ವ್ಯಾಜ್ಯವು ಮುಂಬಯಿಯ ಉಚ್ಚ ನ್ಯಾಯಾಲಯಕ್ಕೆ ಹೋದಾಗ, ಅಂಡ ಕೊಟ್ಟ ಮಾತ್ರಕ್ಕೆ ತಾಯಿಯ ಹಕ್ಕು ಬಾರದೆಂದು ೨೦೨೪ರ ಆಗಸ್ಟಿನಲ್ಲಿ ತೀರ್ಪಾಯಿತು. ಮುಂದೆಂದೋ ಜಾತ್ರೆಯಲ್ಲಿ ಕಂಡ ಮಗುವಿನ ಮುಖದಲ್ಲಿ ತನ್ನ ಹೋಲಿಕೆಯನ್ನು ಹುಡುಕುವ ಮನಸ್ಸಾದೀತೇ ಎಂದು ಆಕೆ ಈಗಲೇ ತನ್ನನ್ನು ಕೇಳಿಕೊಳ್ಳಬೇಕು.

ಒಪ್ಪಿಗೆಯ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿಸಿಕೊಂಡೇ ರುಜು ಹಾಕತಕ್ಕದ್ದು. ಅದರ ಪ್ರತಿಯನ್ನೂ ವಿಮೆಯ ಕಾಗದವನ್ನೂ ಕೇಳಿ ಪಡೆಯಬೇಕು. ರುಜು ಹಾಕಿದ ಮೇಲೂ ಮನಸ್ಸು ಹಿಂಜರಿದರೆ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು. ಅಂಡವೋ ಭ್ರೂಣವೋ ಮತ್ತೊಬ್ಬಳ ಗರ್ಭವನ್ನು ಸೇರುವವರೆಗೆ ಕಾಯಿದೆಯು ಆ ಅವಕಾಶವನ್ನು ಕೊಟ್ಟಿದೆ.