ಚೆನ್ನೈ ಶಾಲೆಗಳ ಬಿಳಿ ತಾರಸಿ

2023ರಲ್ಲಿ ತಮಿಳುನಾಡಿನ ಶಾಲೆಗಳು ಜೂನ್ 1ಕ್ಕೆ ಬಾಗಿಲು ತೆರೆಯಬೇಕಿತ್ತು. ಬಿಸಿಲು ಬಿಡಲಿಲ್ಲ. ಮೊದಲು 7ಕ್ಕೆ, ಆಮೇಲೆ 12ಕ್ಕೆ ಮುಂದೂಡಿದರು. ಚಿಕ್ಕ ಮಕ್ಕಳಿಗೆ 14ಕ್ಕೆ. ಮರುವರ್ಷವೂ ಜೂನ್ 6 ಎಂದಿದ್ದದ್ದು 10 ಆಯಿತು. 2024ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಬಿಸಿಗಾಳಿಯನ್ನು ವಿಪತ್ತುಗಳ ಪಟ್ಟಿಗೇ ಸೇರಿಸಿತು. ರಜೆಯನ್ನು ಎಷ್ಟು ದಿನ ಅಂತ ವಿಸ್ತರಿಸಲಾದೀತು? ಮಕ್ಕಳು ಕೂರುವ ಕೋಣೆಯನ್ನೇ ತಂಪು ಮಾಡಲು ಸರ್ಕಾರದ ಹಣ ಹರಿಯುತ್ತಿರುವುದು ಅದಕ್ಕಾಗಿಯೇ ನನಗೆ ಮುಖ್ಯ ಸುದ್ದಿಯಾಗಿ ಕಾಣುತ್ತದೆ.

ಚೆನ್ನೈ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬೆಂಗಳೂರೂ ಹೆಚ್ಚುಕಡಿಮೆ ಅಲ್ಲೇ; ಆದರೆ ಸುಮಾರು 900 ಮೀಟರ್ ಎತ್ತರ ನಮ್ಮನ್ನು ಕಾಯುತ್ತದೆ. ಏಪ್ರಿಲ್ ಕೊನೆಯ ಹೊತ್ತಿಗೆ ನಡುಹಗಲ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಹಾಗಾಗಿ ಬಿಸಿಲಿನ ದೊಡ್ಡ ಪಾಲು ಗೋಡೆಗಲ್ಲ, ತಾರಸಿಗೆ ಬೀಳುತ್ತದೆ. ಮಧ್ಯಾಹ್ನ ಕಡಲಗಾಳಿ ಬಂದರೆ ಊರು ಉಸಿರಾಡುತ್ತದೆ. ಪಡುವಣ ಗಾಳಿ ಜೋರಾಗಿ ಅದನ್ನು ತಡೆದ ದಿನ ಪಾದರಸ ಏರುತ್ತಲೇ ಹೋಗುತ್ತದೆ. 2003ರ ಮೇ 31ರಂದು ಚೆನ್ನೈನ ನುಂಗಂಬಾಕ್ಕಂನಲ್ಲಿ 45 ಡಿಗ್ರಿ ದಾಖಲಾಗಿತ್ತು. ಕಡಲಿನಿಂದ ದೂರವಿರುವ ಅಂಬತ್ತೂರಿನಂಥ ಬಡಾವಣೆಗಳಿಗೆ ಆ ಗಾಳಿ ತಲುಪುವುದೇ ತಡವಾಗಿ.

ಒಂದು ತರಗತಿಯ ತಾರಸಿ 45 ಚದರ ಮೀಟರ್ ಎಂದುಕೊಳ್ಳಿ. ಉರಿಬಿಸಿಲಿನಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 1,000 ವಾಟ್ ಶಕ್ತಿ ಸುರಿಯುತ್ತದೆ. ಮಾಸಿದ ಸಿಮೆಂಟ್ ಮೇಲ್ಮೈ ಅದರ ಮುಕ್ಕಾಲು ಭಾಗದಷ್ಟನ್ನು ಹೀರಿಕೊಂಡರೆ, ತಾರಸಿಯ ಮೇಲೆ ಮೂವತ್ತಕ್ಕೂ ಹೆಚ್ಚು ಇಸ್ತ್ರಿ ಪೆಟ್ಟಿಗೆಗಳನ್ನು ಕಾಯಿಸಿ ಇಟ್ಟಂತೆ. ಅದರಲ್ಲಿ ಬಹುಪಾಲು ಗಾಳಿಗೆ, ಆಕಾಶಕ್ಕೆ ಮರಳುತ್ತದೆ. ಉಳಿದದ್ದು ಕಾಂಕ್ರೀಟಿನೊಳಗೆ ನಿಧಾನವಾಗಿ ಇಳಿಯುತ್ತದೆ. ಅರ್ಧ ಅಡಿ ದಪ್ಪದ ಆರ್‌ಸಿಸಿ ದಾಟಲು ಕೆಲವು ಗಂಟೆ ಬೇಕು. ಹೀಗೆ ನಡುಹಗಲ ಶಾಖ ಕೊನೆಯ ಪೀರಿಯಡ್ಡಿನ ಹೊತ್ತಿಗೆ ಮಕ್ಕಳ ತಲೆಯ ಮೇಲೆ ಬಂದು ನಿಲ್ಲುತ್ತದೆ. ಕಾದ ಸೂರು ಗಾಳಿಯನ್ನಷ್ಟೇ ಬಿಸಿ ಮಾಡುವುದಿಲ್ಲ. ಅವಕೆಂಪು ಕಿರಣಗಳ ಮೂಲಕ ನೇರವಾಗಿ ಮೈಗೆ ಶಾಖ ಹಾಯಿಸುತ್ತದೆ. ಫ್ಯಾನು ತಿರುಗಿದರೆ ಮೇಲೆ ಕಟ್ಟಿಕೊಂಡ ಬಿಸಿಗಾಳಿಯೇ ಕೆಳಗಿಳಿಯುತ್ತದೆ. ಚೆನ್ನೈನ ತೇವಭರಿತ ಗಾಳಿಯಲ್ಲಿ ಬೆವರು ಬೇಗ ಆರುವುದೂ ಇಲ್ಲ.

ಬಿಸಿಲನ್ನು ಪ್ರತಿಫಲಿಸುವ ಬಿಳಿ ಲೇಪನದ ಕೆಲಸ ಇಲ್ಲೇ. ಹೊಸ ಲೇಪನ ಬಿಸಿಲಿನ ಸುಮಾರು ಶೇ. 80ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಹೀರಿಕೊಂಡ ಅಲ್ಪಸ್ವಲ್ಪವನ್ನೂ ಅವಕೆಂಪು ಕಿರಣವಾಗಿ ಸುಲಭವಾಗಿ ಬಿಟ್ಟುಕೊಡುತ್ತದೆ. ಈ ಎರಡನೆಯ ಗುಣವೂ ಮುಖ್ಯ: ಹೊಳೆಯುವ ಲೋಹದ ತಗಡು ಬಿಸಿಲನ್ನು ಪ್ರತಿಫಲಿಸಿದರೂ ಹೀರಿದ ಶಾಖವನ್ನು ಬಿಡುವುದರಲ್ಲಿ ಜಿಪುಣ. ತಾರಸಿಯ ಶಾಖವನ್ನು ತಡೆಯುವ ವಿದ್ಯೆ ಮದ್ರಾಸಿಗೆ ಹೊಸದೇನಲ್ಲ. ತೇಗದ ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚಿಗೆ ನಿಲ್ಲಿಸಿ, ಸುಣ್ಣದ ಗಾರೆ ಕುಟ್ಟಿ ಮಾಡುತ್ತಿದ್ದ ಮದ್ರಾಸ್ ತಾರಸಿ ಬೆಂಗಳೂರು, ಮೈಸೂರಿನ ಹಳೆಯ ಮನೆಗಳಲ್ಲೂ ಇದೆ. ಆ ದಪ್ಪ ಪದರ ಶಾಖವನ್ನು ಹೊತ್ತುಕೊಂಡು ತಡಮಾಡುತ್ತಿತ್ತು. ತೆಳುವಾದ ಆರ್‌ಸಿಸಿಗೆ ಆ ತಾಳ್ಮೆಯಿಲ್ಲ.

ಅಂಬತ್ತೂರಿನ ಸರ್ಕಾರಿ ಹೆಣ್ಣುಮಕ್ಕಳ ಶಾಲೆಯ ತಾರಸಿಯ ಮೇಲೆ ಈ ಲೇಪನದ ಪ್ರಯೋಗ ನಡೆಯಿತು. ಬಳಿಕ ಯೋಜನೆ ರಾಜ್ಯದ 200 ‘ಹಸಿರು ಶಾಲೆ’ಗಳತ್ತ ಹೊರಟಿತು. ಇದರ ಹಿಂದಿರುವ ಐಎಎಸ್ ಅಧಿಕಾರಿ ಸುಪ್ರಿಯಾ ಸಾಹು ಅವರಿಗೆ 2025ರಲ್ಲಿ ವಿಶ್ವಸಂಸ್ಥೆಯ ‘ಚಾಂಪಿಯನ್ಸ್ ಆಫ್ ದಿ ಅರ್ತ್’ ಗೌರವ ಸಂದಿತು. ಹಸಿರು ಶಾಲೆ ಯೋಜನೆಯ ಮೊದಲ ಹಂತದಲ್ಲಿ 25 ಶಾಲೆಗಳಿಗೆ ತಲಾ 20 ಲಕ್ಷ ರೂಪಾಯಿ ಗೊತ್ತುಮಾಡಿದ್ದರು. ಸೌರ ಫಲಕ, ಮಳೆನೀರು ಸಂಗ್ರಹ, ಕೈತೋಟ ಎಲ್ಲ ಅದರಲ್ಲೇ. ಇದಕ್ಕೂ ಮೊದಲು, 2018ರಲ್ಲಿ ಶುರುವಾದ ಕೇಂದ್ರದ ‘ಸಿಟೀಸ್’ ಕಾರ್ಯಕ್ರಮದಡಿ, ಫ್ರೆಂಚ್ ಅಭಿವೃದ್ಧಿ ಸಂಸ್ಥೆಯ ಸಾಲ ಮತ್ತು ಐರೋಪ್ಯ ಒಕ್ಕೂಟದ ನೆರವಿನಿಂದ, ಚೆನ್ನೈ ಪಾಲಿಕೆಯ 28 ಶಾಲೆಗಳನ್ನು ಸುಧಾರಿಸಲು ಸುಮಾರು 95 ಕೋಟಿ ರೂಪಾಯಿ ಯೋಜನೆ ರೂಪುಗೊಂಡಿತ್ತು.

ಇಂಥ ಹಣವನ್ನು ಅಳೆಯುವ ರೀತಿಯ ಬಗ್ಗೆ ನನ್ನ ತಕರಾರಿದೆ. ಇಂಧನ ದಕ್ಷತೆ ಎಂದೊಡನೆ ಕಡತಗಳು ಕೇಳುವುದು, ಕರೆಂಟ್ ಬಿಲ್ಲಿನಲ್ಲಿ ಎಷ್ಟು ಉಳಿಯಿತು, ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬಂತು ಎಂದು. ಫ್ಯಾನಿಗೆ ಆ ಲೆಕ್ಕ ಸರಿ. 75 ವಾಟ್ ಎಳೆಯುವ ಹಳೆಯ ಫ್ಯಾನಿನ ಜಾಗದಲ್ಲಿ 28 ವಾಟಿನ ಬಿಎಲ್‌ಡಿಸಿ (ಬ್ರಷ್‌ರಹಿತ ಮೋಟರಿನ) ಫ್ಯಾನ್ ಹಾಕಿದರೆ, ನಾಲ್ಕು ಫ್ಯಾನಿನ ಕೋಣೆಯಲ್ಲಿ ದಿನಕ್ಕೆ 7 ಗಂಟೆಯಂತೆ 200 ದಿನಕ್ಕೆ 260 ಯೂನಿಟ್ಟಿಗೂ ಹೆಚ್ಚು ಉಳಿಯುತ್ತದೆ. ತಾರಸಿಗೆ ಅದೇ ಲೆಕ್ಕ ಹಾಕಿದರೆ ಉತ್ತರ ಸೊನ್ನೆಯ ಹತ್ತಿರ ಬಂದೀತು. ಏಸಿಯೇ ಇಲ್ಲದ ಕೋಣೆಯಲ್ಲಿ ಉಳಿಸಲು ಕರೆಂಟ್ ಎಲ್ಲಿದೆ? ಅಲ್ಲಿ ಉಳಿಯುವುದು ಮಗುವಿನ ಗಮನ, ಮಗುವಿನ ಮೈಯ ನೀರು.

ಅದನ್ನೂ ಅಳೆಯಬಹುದು. ಅಮೆರಿಕದ ಸುಮಾರು ಒಂದು ಕೋಟಿ ವಿದ್ಯಾರ್ಥಿಗಳ ಅಂಕಗಳನ್ನು ಜಾಲಾಡಿ ಜಿಸಂಗ್ ಪಾರ್ಕ್, ಜೋಶುವಾ ಗುಡ್‌ಮನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಏಸಿ ಇಲ್ಲದ ಶಾಲೆಗಳಲ್ಲಿ ಶಾಲಾವರ್ಷ ಒಂದು ಡಿಗ್ರಿ ಫ್ಯಾರನ್‌ಹೀಟಿನಷ್ಟು ಹೆಚ್ಚು ಬಿಸಿಯಾದರೆ ಆ ವರ್ಷದ ಕಲಿಕೆ ಸುಮಾರು ಶೇ. 1ರಷ್ಟು ಕುಗ್ಗುತ್ತದೆ. ಅದು ಸೆಲ್ಸಿಯಸ್ಸಿನಲ್ಲಿ ಅರ್ಧ ಡಿಗ್ರಿಗಿಂತ ತುಸು ಹೆಚ್ಚು, ಅಷ್ಟೇ. ಹಾಗಾಗಿ ಅನುದಾನದ ವರದಿಯಲ್ಲಿ ಯೂನಿಟ್ಟಿನ ಪಕ್ಕದಲ್ಲೇ ತರಗತಿಯ ಡಿಗ್ರಿಯೂ ಇರಬೇಕು. ಮಧ್ಯಾಹ್ನ ಮೂರು ಗಂಟೆಗೆ ಗೋಡೆಯ ಉಷ್ಣಮಾಪಕ ನೋಡಿ ಬರೆದಿಡುವುದನ್ನು ವಿಜ್ಞಾನದ ಮೇಷ್ಟ್ರು ಮಕ್ಕಳಿಂದಲೇ ಮಾಡಿಸಬಹುದು. ಬಿಸಿಲಿಗೆ ಅಂಜಿ ಕಚೇರಿಗಳೇ ಬೆಳಗಿನ ವೇಳೆಗೆ ಬದಲಾಗುವ ನಮ್ಮ ಕಲಬುರಗಿ, ರಾಯಚೂರು ಕಡೆಯ ಶಾಲೆಗಳಿಗೂ ಈ ಅಳತೆ ಬೇಕು.

ಲೇಪನಕ್ಕೆ ಒಂದು ದೌರ್ಬಲ್ಯವಿದೆ, ಅದು ಧೂಳು. ಮೊದಲ ಒಂದೆರಡು ವರ್ಷಗಳಲ್ಲೇ ಹೊಗೆ, ಮಣ್ಣು, ಪಾಚಿ ಕೂತು ಬಿಳುಪು ಮಂಕಾಗುತ್ತದೆ. ತೊಳೆದರೆ ಬಹುಪಾಲು ಮರಳುತ್ತದೆ. ಒಂದೇ ಸಲ ಕೊಡುವ ಅನುದಾನ ಬಣ್ಣ ಬಳಿದ ದಿನಕ್ಕೇ ಮುಗಿದಿರುತ್ತದೆ. ತೊಳೆಯುವ ಕೂಲಿ ಯಾರ ಲೆಕ್ಕದಲ್ಲೂ ಇರುವುದಿಲ್ಲ. ಚೆನ್ನೈಗೆ ಹಿಂಗಾರು ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ. ಜನವರಿ, ಫೆಬ್ರವರಿಯಲ್ಲಿ ಪಾಚಿ ಉಜ್ಜಿ ತೊಳೆದು, ಬಿರುಕಿದ್ದಲ್ಲಿ ಮತ್ತೆ ಬಳಿದರೆ ಮಾರ್ಚಿನ ಬಿಸಿಲಿಗೆ ತಾರಸಿ ಸಿದ್ಧ. ಪ್ರತಿವರ್ಷದ ಈ ಸಣ್ಣ ಖರ್ಚನ್ನು ಮೊದಲ ಮಂಜೂರಾತಿಯಲ್ಲೇ ಐದು ವರ್ಷಕ್ಕೆ ಸೇರಿಸಿ ಬರೆಯಬೇಕು.