ತುತ್ತಿಗೊಂದು ವಿಡಿಯೊ

ಮಗುವಿಗೆ ವರ್ಷ ತುಂಬುತ್ತಿದ್ದಂತೆ ಮನೆಮನೆಯಲ್ಲೂ ಒಂದೇ ದೂರು ಶುರುವಾಗುತ್ತದೆ: ‘ಊಟಾನೇ ಮಾಡಲ್ಲ.’ ಮೊನ್ನೆಯವರೆಗೂ ರಾಗಿ ಸರಿಯನ್ನು ಚಪ್ಪರಿಸಿ ಮುಗಿಸುತ್ತಿದ್ದ ಕೂಸು ಈಗ ನಾಲ್ಕು ತುತ್ತಿಗೇ ಮುಖ ತಿರುಗಿಸುತ್ತದೆ. ಬಾಯಿಗಿಟ್ಟದ್ದನ್ನು ಕೆನ್ನೆಯಲ್ಲೇ ಇಟ್ಟುಕೊಂಡು ಕೂರುತ್ತದೆ, ಇಲ್ಲವೇ ಉಗಿದುಬಿಡುತ್ತದೆ. ತಾಯಿಗೆ ಗಾಬರಿ, ಅಜ್ಜಿಗೆ ಮಗು ಸೊರಗಿತೆಂಬ ಕೊರಗು. ಅಷ್ಟರಲ್ಲಿ ಯಾರೋ ಮೊಬೈಲನ್ನು ನೀರಿನ ಲೋಟಕ್ಕೆ ಒರಗಿಸಿ ನಿಲ್ಲಿಸುತ್ತಾರೆ. ಬಣ್ಣದ ಬಸ್ಸೊಂದು ಹಾಡುತ್ತ ಬರುತ್ತದೆ. ಮಗುವಿನ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ, ಬಟ್ಟಲು ಖಾಲಿಯಾಗುತ್ತದೆ. ಮರುದಿನದಿಂದ ಅದೇ ಪದ್ಧತಿ.

ಎರಡು ವರ್ಷದೊಳಗಿನ ಮಕ್ಕಳ ಕೈಗೆ ಪರದೆ ಬರುವ ದಾರಿಗಳು ಹಲವಿದ್ದರೂ ನಮ್ಮಲ್ಲಿ ರಾಜಮಾರ್ಗವೆಂದರೆ ಊಟವೇ. ಈ ಗಾಬರಿಯ ಹಿಂದಿನ ಲೆಕ್ಕವನ್ನು ತಾಯಂದಿರಿಗೆ ಯಾರಾದರೂ ಮೊದಲೇ ಬಿಡಿಸಿ ಹೇಳಿದ್ದರೆ ಅರ್ಧದಷ್ಟು ಮೊಬೈಲುಗಳು ಊಟದ ಜಾಗಕ್ಕೆ ಬರುತ್ತಲೇ ಇರಲಿಲ್ಲವೇನೋ. ಹುಟ್ಟಿದಾಗ 3 ಕಿಲೊ ತೂಗಿದ ಕೂಸು ಮೊದಲ ಹುಟ್ಟುಹಬ್ಬದ ಹೊತ್ತಿಗೆ ಸುಮಾರು 9 ಕಿಲೊ ತೂಗುತ್ತದೆ. ವರ್ಷದಲ್ಲಿ ಮೂರು ಪಟ್ಟು. ಎರಡನೆಯ ವರ್ಷದಲ್ಲಿ ಅದು ಹೆಚ್ಚುವುದು ಎರಡು, ಎರಡೂವರೆ ಕಿಲೊ ಅಷ್ಟೆ. ಬೆಳವಣಿಗೆಯ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. ಜೊತೆಗೆ ಆಗಷ್ಟೇ ಕಾಲು ಬಂದಿರುತ್ತದೆ; ಕೂತು ಉಣ್ಣುವುದಕ್ಕಿಂತ ಪಾತ್ರೆ ಎಳೆಯುವುದು, ಮೆಟ್ಟಿಲು ಹತ್ತುವುದು ಅದಕ್ಕೆ ಹೆಚ್ಚಿನ ಕೆಲಸ. ಈ ವಯಸ್ಸಿನಲ್ಲಿ ಹೊತ್ತಿಗೆ 250 ಮಿ.ಲೀ. ಬಟ್ಟಲಿನ ಮುಕ್ಕಾಲು ಭಾಗದಿಂದ ಒಂದು ಬಟ್ಟಲಿನವರೆಗೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಜ್ಜಿಯ ಅಳತೆ ಅದಕ್ಕಿಂತ ಯಾವಾಗಲೂ ದೊಡ್ಡದು.

ಮುಖ ತಿರುಗಿಸುವುದು, ತುಟಿ ಬಿಗಿಹಿಡಿಯುವುದು, ಚಮಚ ತಳ್ಳುವುದು: ಮಾತು ಬಾರದ ಮಗು ‘ಸಾಕು’ ಎನ್ನುವುದು ಹೀಗೆಯೇ. ವಿಡಿಯೊ ಓಡುತ್ತಿರುವಾಗ ಈ ‘ಸಾಕು’ ಮಗುವಿಗೂ ತಿಳಿಯುವುದಿಲ್ಲ, ಉಣಿಸುವವರಿಗೂ ಕಾಣುವುದಿಲ್ಲ. ತಿಂದದ್ದು ಬೀಟ್‌ರೂಟೋ ಬೇಳೆಕಟ್ಟೋ ಎಂಬುದೂ ಅದಕ್ಕೆ ಗೊತ್ತಿರುವುದಿಲ್ಲ. ಇದಕ್ಕೆ ಉತ್ತರವಾಗಿ ‘ನಮ್ಮ ಕಾಲದಲ್ಲಿ ಚಂದಮಾಮನನ್ನು ತೋರಿಸಿ ಉಣಿಸುತ್ತಿರಲಿಲ್ಲವೇ, ಅದೂ ಗಮನ ಬೇರೆಡೆ ಸೆಳೆಯುವ ಉಪಾಯವೇ ತಾನೆ’ ಎಂದು ವಾದಿಸುವವರಿದ್ದಾರೆ. ವಾದದಲ್ಲಿ ಹುರುಳಿದೆ. ಉಪಾಯವೇ ಸರಿ. ಆದರೆ ಚಂದಮಾಮ ಎರಡು ಸೆಕೆಂಡಿಗೊಮ್ಮೆ ಬಣ್ಣ ಬದಲಿಸುವುದಿಲ್ಲ, ಸುಮ್ಮನೆ ಇದ್ದಲ್ಲೇ ಇರುತ್ತಾನೆ. ಅವನನ್ನು ಬಳಸಿ ಉಣಿಸಬೇಕಾದರೆ ಉಣಿಸುವವರು ಬಾಯಿ ಬಿಡಲೇಬೇಕು: ಅಗೋ ನೋಡು, ಕರೆಯೋಣವಾ, ನಿನಗೊಂದು ಅವನಿಗೊಂದು. ಮಗು ಬೆರಳು ತೋರಿಸುತ್ತದೆ, ಏನೋ ತೊದಲುತ್ತದೆ, ಅದಕ್ಕೆ ಇವರು ಮತ್ತೊಂದು ಮಾತು ಸೇರಿಸುತ್ತಾರೆ. ಮೊಬೈಲ್ ಬಂದಾಗ ಹೋಗುವುದು ಈ ಮಾತು. ನನ್ನ ಮಟ್ಟಿಗೆ ಚರ್ಚೆಯ ತಿರುಳೇ ಇದು. ಎಷ್ಟು ನಿಮಿಷ, ಎಷ್ಟು ಇಂಚು ಎಂಬುದೆಲ್ಲ ಆಮೇಲಿನದು.

ನಿಮಿಷದ ಲೆಕ್ಕ ಬೇಕೆನ್ನುವವರಿಗೆ ಅದೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2019ರ ಏಪ್ರಿಲ್‌ನಲ್ಲಿ ಐದು ವರ್ಷದೊಳಗಿನವರಿಗಾಗಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಎರಡು ತುಂಬುವವರೆಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಕಡಿಮೆಯಾದಷ್ಟೂ ಒಳ್ಳೆಯದು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆಯೂ ಹೆಚ್ಚುಕಡಿಮೆ ಇದೇ. ಬಂಧುಗಳೊಂದಿಗೆ ಆಗಾಗ ನಡೆಯುವ ವಿಡಿಯೊ ಕರೆಗೆ ಮಾತ್ರ ಅದು ವಿನಾಯಿತಿ ಕೊಡುತ್ತದೆ. ಸ್ವೀಡನ್ 2024ರಲ್ಲಿ ಇಂಥದ್ದೇ ಸೂಚನೆ ಹೊರಡಿಸಿತು.

ಈ ನಿಷೇಧ ವೈದ್ಯರ ಹಳೆಯ ಕಾಲದ ಗೊಣಗಾಟವಲ್ಲ ಎನ್ನಲು 2003ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದು ಸಾಕು. ಮನೆಯಲ್ಲಿ ಇಂಗ್ಲಿಷ್ ಮಾತ್ರ ಕೇಳುತ್ತಿದ್ದ ಒಂಬತ್ತು ತಿಂಗಳ ಕೂಸುಗಳ ಮುಂದೆ ಚೀನಿ ಭಾಷಿಕರು ಕೂತು ಪುಸ್ತಕ ಓದಿದರು, ಆಟಿಕೆ ಹಿಡಿದು ಆಡಿಸಿದರು. ಒಟ್ಟು 12 ಪಾಠ. ಇನ್ನೊಂದು ಗುಂಪಿನ ಕೂಸುಗಳಿಗೆ ಅದೇ ಜನರ ಅದೇ ಪಾಠವನ್ನು ವಿಡಿಯೊದಲ್ಲಿ ತೋರಿಸಲಾಯಿತು. ಎದುರಿಗೆ ಕೂತು ಕೇಳಿಸಿಕೊಂಡ ಕೂಸುಗಳು ಇಂಗ್ಲಿಷಿನಲ್ಲಿಲ್ಲದ ಚೀನಿ ಧ್ವನಿಗಳನ್ನು ಬೇರ್ಪಡಿಸಿ ಗುರುತಿಸುವುದನ್ನು ಕಲಿತವು. ವಿಡಿಯೊ ನೋಡಿದವು ಏನೂ ಕಲಿಯಲಿಲ್ಲ. ಅದೇ ದನಿ, ಅದೇ ಮುಖ, ಅದೇ ಮಾತು, ವ್ಯತ್ಯಾಸ ಒಂದೇ. ಎದುರಿಗಿದ್ದವರು ಮಗುವಿನ ಕಣ್ಣನ್ನು ಹಿಂಬಾಲಿಸುತ್ತಿದ್ದರು, ವಿಡಿಯೊದವರಿಗೆ ಅದು ಸಾಧ್ಯವಿರಲಿಲ್ಲ.

ವ್ಯಾಪಾರ ಇದನ್ನು ಒಪ್ಪಿಕೊಳ್ಳಲು ಸಮಯ ತೆಗೆದುಕೊಂಡಿತು. ‘ಬೇಬಿ ಐನ್‌ಸ್ಟೈನ್’ ಎಂಬ ವಿಡಿಯೊ ಮಾಲೆ ಅಮೆರಿಕದಲ್ಲಿ ಮನೆಮಾತಾಗಿ, 2001ರಲ್ಲಿ ಡಿಸ್ನಿ ಅದನ್ನು ಕೊಂಡಿತು. ಕೂಸು ಜಾಣವಾಗುತ್ತದೆಂದು ನಂಬಿ ಕೊಂಡವರು ಅಸಂಖ್ಯ. ಗ್ರಾಹಕ ಪರ ಗುಂಪುಗಳ ಒತ್ತಡದ ನಂತರ 2009ರಲ್ಲಿ ಡಿಸ್ನಿ ಡಿವಿಡಿಗಳಿಗೆ ಹಣ ಮರಳಿಸಲು ಮುಂದಾಯಿತು. ಮರುವರ್ಷ ವರ್ಜೀನಿಯಾ ವಿಶ್ವವಿದ್ಯಾಲಯದ ಜೂಡಿ ಡಿಲೋಶ್ ತಂಡ, ಪದ ಕಲಿಸುವುದಾಗಿ ಹೇಳಿಕೊಳ್ಳುತ್ತಿದ್ದ ಜನಪ್ರಿಯ ಡಿವಿಡಿಯೊಂದನ್ನು ಒಂದರಿಂದ ಒಂದೂವರೆ ವರ್ಷದ ಮಕ್ಕಳಿಗೆ ನಾಲ್ಕು ವಾರ ತೋರಿಸಿ ಪರೀಕ್ಷಿಸಿತು. ನೋಡಿದ ಮಕ್ಕಳು ನೋಡದವರಿಗಿಂತ ಹೆಚ್ಚು ಪದ ಕಲಿತಿರಲಿಲ್ಲ. ವಿಡಿಯೊ ಇಲ್ಲದೆ, ಅದೇ ಪದಗಳನ್ನು ಅಪ್ಪ ಅಮ್ಮ ದಿನದ ಕೆಲಸಗಳ ನಡುವೆ ಹೇಳಿಕೊಟ್ಟ ಮಕ್ಕಳೇ ಮುಂದಿದ್ದರು. ಇನ್ನೂ ಒಂದು ಮಾತು ಆ ವರದಿಯಲ್ಲಿದೆ: ಯಾವ ಪೋಷಕರಿಗೆ ವಿಡಿಯೊ ಇಷ್ಟವಾಗಿತ್ತೋ ಅವರು ಮಗು ತುಂಬ ಕಲಿತಿದೆ ಎಂದೇ ನಂಬಿದ್ದರು. ‘ನಮ್ಮ ಪುಟ್ಟಿ ಮೊಬೈಲ್ ನೋಡಿಯೇ ಎಬಿಸಿಡಿ ಪೂರ್ತಿ ಹೇಳುತ್ತಾಳೆ’ ಎಂದು ನೆಂಟರ ಮುಂದೆ ಬೀಗುವವರು ಇದನ್ನು ಗಮನಿಸಬೇಕು. ಪುಟ್ಟಿ ನೀರು ಬೇಕಾದಾಗ ‘ನೀರು’ ಎನ್ನುತ್ತಾಳೆಯೇ, ಕೈ ಹಿಡಿದು ಎಳೆಯುತ್ತಾಳೆಯೇ ಎಂಬುದು ಎಬಿಸಿಡಿಗಿಂತ ಮುಖ್ಯವಾದ ಪ್ರಶ್ನೆ. ಕನ್ನಡದ ಶಿಶುಗೀತೆಯನ್ನೇ ಹಾಕುತ್ತೇವೆ ಎಂಬ ಸಮಾಧಾನವೂ ಎರಡು ವರ್ಷದೊಳಗೆ ಹೆಚ್ಚೇನೂ ಕೆಲಸಕ್ಕೆ ಬರುವುದಿಲ್ಲ.

ಹಾಗಾದರೆ ವಿಡಿಯೊ ಕರೆಗೆ ವಿನಾಯಿತಿ ಯಾಕೆ? ಅದೂ ಪರದೆಯೇ ತಾನೆ? 2014ರ ಒಂದು ಅಧ್ಯಯನದಲ್ಲಿ ಎರಡರಿಂದ ಎರಡೂವರೆ ವರ್ಷದ ಮಕ್ಕಳು ಹೊಸ ಕ್ರಿಯಾಪದಗಳನ್ನು ನೇರ ವಿಡಿಯೊ ಕರೆಯಲ್ಲಿ ಎದುರಿಗೆ ಕೂತಷ್ಟೇ ಚೆನ್ನಾಗಿ ಕಲಿತರು. ರೆಕಾರ್ಡ್ ಮಾಡಿದ ವಿಡಿಯೊದಲ್ಲಿ ಕಲಿಯಲಿಲ್ಲ. ನ್ಯೂಜೆರ್ಸಿಯಲ್ಲೋ ಸಿಡ್ನಿಯಲ್ಲೋ ಬೆಳೆಯುತ್ತಿರುವ ಮೊಮ್ಮಗುವಿಗೆ ಧಾರವಾಡದ ಅಜ್ಜಿಯ ಕನ್ನಡ ತಲುಪುವ ದಾರಿ ಇದೊಂದೇ ಆಗಿರಬಹುದು. ಅದನ್ನು ಪರದೆಯ ಲೆಕ್ಕಕ್ಕೆ ಸೇರಿಸಿ ಕಡಿತ ಮಾಡುವ ಅಗತ್ಯವಿಲ್ಲ. ಅಜ್ಜಿ ಅತ್ತ ಚಪ್ಪಾಳೆ ತಟ್ಟಿದರೆ ಮಗು ಇತ್ತ ತಟ್ಟಬೇಕು, ಮಗು ಬೊಂಬೆ ತೋರಿಸಿದರೆ ಅಜ್ಜಿ ಅದರ ಹೆಸರು ಕೇಳಬೇಕು. ಅಷ್ಟಿದ್ದರೆ ಸಾಕು.

ಕೈಯಲ್ಲಿರುವ ಮೊಬೈಲಿನ ಬಗ್ಗೆ ಆಗುವಷ್ಟು ಗಲಾಟೆ ಗೋಡೆಯ ಮೇಲಿನ ಟಿವಿಯ ಬಗ್ಗೆ ಆಗುವುದಿಲ್ಲ. ಸಂಜೆ ಧಾರಾವಾಹಿಗಳು ಒಂದರ ಹಿಂದೆ ಒಂದು ಬರುತ್ತಿರುತ್ತವೆ, ಮಗು ಅಲ್ಲೇ ನೆಲದ ಮೇಲೆ ಆಡಿಕೊಂಡಿರುತ್ತದೆ. ‘ಅದೇನೂ ನೋಡಲ್ಲ, ನಾವು ನೋಡೋದು.’ 2009ರಲ್ಲಿ ಅಮೆರಿಕದ ದಿಮಿತ್ರಿ ಕ್ರಿಸ್ಟಾಕಿಸ್ ತಂಡ 300ಕ್ಕೂ ಹೆಚ್ಚು ಮಕ್ಕಳ ಅಂಗಿಯಲ್ಲಿ ಪುಟ್ಟ ರೆಕಾರ್ಡರ್ ಇಟ್ಟು ಮನೆಯ ಮಾತುಗಳನ್ನು ಎಣಿಸಿತು. ಟಿವಿ ದನಿ ಕೇಳಿಸುತ್ತಿದ್ದ ಪ್ರತಿ ಗಂಟೆಗೂ ಮಗುವಿನ ಕಿವಿಗೆ ಬೀಳುವ ದೊಡ್ಡವರ ಮಾತು ಸರಾಸರಿ 770 ಪದಗಳಷ್ಟು ಕಡಿಮೆಯಾಗಿತ್ತು. ಮಗು ಟಿವಿ ನೋಡದಿದ್ದರೂ ಟಿವಿ ನೋಡುತ್ತಿರುವವರು ಮಗುವಿನ ಜೊತೆ ಮಾತಾಡುವುದಿಲ್ಲ, ಅಷ್ಟೆ.

ದೊಡ್ಡವರ ಮೊಬೈಲಿಗೂ ಇದೇ ಮಾತು ಅನ್ವಯಿಸುತ್ತದೆ. ಎಡ್ವರ್ಡ್ ಟ್ರಾನಿಕ್ ಎಂಬ ಮನೋವಿಜ್ಞಾನಿ 1970ರ ದಶಕದಲ್ಲಿ, ಸ್ಮಾರ್ಟ್‌ಫೋನಿನ ಕನಸೂ ಇಲ್ಲದ ಕಾಲದಲ್ಲಿ, ಒಂದು ಪ್ರಯೋಗ ಮಾಡಿದ್ದರು. ಮಗುವಿನೊಂದಿಗೆ ಆಡುತ್ತಿದ್ದ ತಾಯಿ ಕೆಲವು ನಿಮಿಷ ಮುಖದಲ್ಲಿ ಯಾವ ಭಾವವನ್ನೂ ತೋರದೆ ಸುಮ್ಮನೆ ಕೂರಬೇಕು. ಮಗು ನಕ್ಕು ಕರೆಯುತ್ತದೆ, ಕೈ ಚಾಚುತ್ತದೆ, ಕಿರುಚುತ್ತದೆ, ಕೊನೆಗೆ ಮುಖ ತಿರುಗಿಸಿಕೊಂಡು ಅಳುತ್ತದೆ. ರೀಲ್ಸ್ ನೋಡುತ್ತಿರುವ ಅಪ್ಪನ ಮುಖ ಹೇಗಿರುತ್ತದೆಂದು ಒಮ್ಮೆ ಪಕ್ಕದಿಂದ ಗಮನಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಶುರುವಾದ ‘ಶಟ್’ ಕ್ಲಿನಿಕ್ ತೊಟ್ಟಿಲ ಕೂಸುಗಳಿಗಾಗಿ ತೆರೆದದ್ದಲ್ಲ. ಮೊಬೈಲು, ಗೇಮುಗಳನ್ನು ಕೆಳಗಿಡಲಾಗದ ಹದಿಹರೆಯದವರಿಗೆ, ದೊಡ್ಡವರಿಗೆ.

ಅಪ್ಪ ಎಂದು ಬೇಕೆಂದೇ ಬರೆದೆ. ಈ ವಿಷಯದ ಲೇಖನಗಳೆಲ್ಲ ‘ತಾಯಂದಿರೇ ಎಚ್ಚರ’ ಎಂದೇ ಶುರುವಾಗುತ್ತವೆ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಬ್ಬಳೇ ಅಡುಗೆ, ಆಫೀಸಿನ ಕರೆ, ಮಗು ಮೂರನ್ನೂ ನಿಭಾಯಿಸುವವಳು ಸ್ನಾನಕ್ಕೆ ಹೋಗುವಾಗ ಮಗುವಿನ ಮುಂದೆ ಹದಿನೈದು ನಿಮಿಷ ಹಾಡು ಹಾಕಿದರೆ ಅದು ಅಪರಾಧವಲ್ಲ. ಮೊದಲು ಆ ಹೊತ್ತಿನಲ್ಲಿ ಮಗುವನ್ನು ಎತ್ತಿಕೊಳ್ಳಲು ಅತ್ತೆ, ನಾದಿನಿ, ಪಕ್ಕದ ಮನೆಯವರು ಇದ್ದರು. ಈಗ ಆ ಕೈಗಳ ಜಾಗದಲ್ಲಿ ಮೊಬೈಲ್ ಇದೆ. ಕೂಲಿಗೆ ಹೋಗುವ ತಾಯಿಯ ಕಷ್ಟ ಇನ್ನೊಂದು ಬಗೆಯದು. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೂಲಿಕಾರರ ಮಕ್ಕಳಿಗೆಂದು ತೆರೆದ ‘ಕೂಸಿನ ಮನೆ’ಗಳು ಚೆನ್ನಾಗಿ ನಡೆದರೆ ಅವು ಯಾವ ಮಾರ್ಗಸೂಚಿಗಿಂತಲೂ ಹೆಚ್ಚು ಪರದೆ ತಗ್ಗಿಸುತ್ತವೆ. ಸಂಬಳದ ಊರುಗಳಲ್ಲಿ ಸಂಜೆಯ ಒಂದು ಗಂಟೆ ಅಪ್ಪ ಮಗುವನ್ನು ಹೊರಗೆ ಕರೆದೊಯ್ದರೆ ಅದೂ ಅಷ್ಟೇ ಕೆಲಸ ಮಾಡುತ್ತದೆ.

ರೂಢಿಯಾಗಿಬಿಟ್ಟಿದೆ, ಈಗೇನು ಮಾಡುವುದು? ಎಲ್ಲವನ್ನೂ ಒಂದೇ ದಿನ ನಿಲ್ಲಿಸಲು ಹೊರಟರೆ ಮನೆ ರಣರಂಗವಾಗುತ್ತದೆ. ಊಟದಿಂದ ಶುರುಮಾಡಿ. ಮಗುವನ್ನು ಎಲ್ಲರ ಜೊತೆ ನೆಲದ ಮೇಲೋ ಮೇಜಿನ ಬಳಿಯೋ ಕೂರಿಸಿ, ಅದರ ತಟ್ಟೆಗೂ ಮೆತ್ತಗಿನ ಅನ್ನ, ಬೆಂದ ಕ್ಯಾರೆಟ್ ತುಂಡು, ಇಡ್ಲಿ ಚೂರು ಹಾಕಿ. ಮುಖಕ್ಕೆ, ಅಂಗಿಗೆ ಮೆತ್ತಿಕೊಳ್ಳಲಿ. ಅರ್ಧ ಗಂಟೆಯಲ್ಲಿ ತಿಂದಷ್ಟು ತಿನ್ನಲಿ, ತಟ್ಟೆ ಎತ್ತಿಬಿಡಿ. ಆರೋಗ್ಯವಾಗಿರುವ ಮಗು ಒಂದು ಹೊತ್ತು ಕಡಿಮೆ ತಿಂದರೆ ಮುಂದಿನ ಹೊತ್ತು ಸರಿದೂಗಿಸುತ್ತದೆ. ಮೊದಲ ಕೆಲವು ದಿನ ರಚ್ಚೆ ಹಿಡಿಯುವುದು ಖಚಿತ. ಆಗ ಮನೆಯ ಒಬ್ಬರು ಸೋತು ಮೊಬೈಲ್ ಕೊಟ್ಟರೂ ಮಗು ಕಲಿಯುವುದು ಒಂದೇ: ಇನ್ನೂ ಜೋರಾಗಿ ಅಳಬೇಕು. ಹಾಗಾಗಿ ಅಜ್ಜ ಅಜ್ಜಿಯರ ಜೊತೆ ಮೊದಲೇ ಮಾತಾಡಿಕೊಳ್ಳಿ. ಅತ್ತಾಗಲೆಲ್ಲ ಸಮಾಧಾನಕ್ಕೆ ಮೊಬೈಲ್ ಪಡೆಯುವ ಮೂರರಿಂದ ಐದು ವರ್ಷದವರಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ, ಕೋಪತಾಪ ಹೆಚ್ಚುವುದನ್ನು ಅಮೆರಿಕದ ಅಧ್ಯಯನವೊಂದು ಕಂಡಿದೆ.

ಮಲಗುವ ಮುಂಚಿನ ಒಂದು ಗಂಟೆ ಪರದೆ ಬೇಡ. ಎಳೆಯ ಕಣ್ಣಿಗೆ ಬಿದ್ದ ಪ್ರಖರ ಬೆಳಕು ನಿದ್ದೆ ತರುವ ಮೆಲಟೋನಿನ್ ಹಾರ್ಮೋನನ್ನು ದೊಡ್ಡವರಿಗಿಂತ ಹೆಚ್ಚಾಗಿ ತಡೆಯುತ್ತದೆ. ಎರಡು ದಾಟಿದ ಮಗುವಿಗೆ ತೋರಿಸಲೇಬೇಕೆಂದರೆ ದೊಡ್ಡ ಪರದೆಯಲ್ಲಿ, ಪಕ್ಕದಲ್ಲಿ ಕೂತು, ನಿಧಾನಗತಿಯದನ್ನು ತೋರಿಸಿ. ವೇಗವಾಗಿ ಓಡುವ ಕಾರ್ಟೂನನ್ನು ಬರೀ 9 ನಿಮಿಷ ನೋಡಿದ ನಾಲ್ಕು ವರ್ಷದ ಮಕ್ಕಳು, ಅಷ್ಟೇ ಹೊತ್ತು ಚಿತ್ರ ಬರೆದವರಿಗಿಂತ, ಕಾದು ಕೂರುವ, ಯೋಚಿಸಿ ಮಾಡುವ ಪರೀಕ್ಷೆಗಳಲ್ಲಿ ಹಿಂದೆ ಬಿದ್ದದ್ದು 2011ರ ಪ್ರಯೋಗವೊಂದರಲ್ಲಿ ಕಂಡಿದೆ. ಒಂದು ಮುಗಿಯುತ್ತಲೇ ಇನ್ನೊಂದು ತಾನಾಗಿ ಶುರುವಾಗುವ ಆಟೊಪ್ಲೇ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಡಿ. ‘ಇದೊಂದು ಹಾಡು ಆದಮೇಲೆ ಮುಗೀತು’ ಎಂದು ಹೇಳಬೇಕಾದರೆ ಹಾಡು ಮುಗಿಯಬೇಕಲ್ಲ.

ಕೊನೆಗೆ, ಪರದೆ ನೋಡಿಯೇ ಮಗುವಿಗೆ ಆಟಿಸಂನಂಥ ಲಕ್ಷಣ ಬರುತ್ತದೆ ಎಂಬರ್ಥದಲ್ಲಿ ಈಚೆಗೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿರುವ ‘ವರ್ಚುವಲ್ ಆಟಿಸಂ’ ಎಂಬ ಮಾತು. ಮಾನಸಿಕ ಕಾಯಿಲೆಗಳ ಯಾವ ಅಧಿಕೃತ ಪಟ್ಟಿಯಲ್ಲೂ ಅಂಥ ಹೆಸರಿಲ್ಲ. ಅತಿಯಾದ ಪರದೆಗೂ ಮಾತು ತಡವಾಗುವುದಕ್ಕೂ ನಂಟಿರುವುದನ್ನು ಅಧ್ಯಯನಗಳು ಕಂಡಿವೆ. ಜಪಾನಿನಲ್ಲಿ 7,097 ತಾಯಿ ಮಕ್ಕಳ ಜೋಡಿಗಳನ್ನು ಗಮನಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದ ವಯಸ್ಸಿನಲ್ಲಿ ಹೆಚ್ಚು ಹೊತ್ತು ಪರದೆ ನೋಡಿದವರಲ್ಲಿ ಎರಡು ಮತ್ತು ನಾಲ್ಕನೆಯ ವಯಸ್ಸಿನಲ್ಲಿ ಸಂವಹನ ಹಿಂದುಳಿದಿರುವ ಸಾಧ್ಯತೆ ಹೆಚ್ಚಿತ್ತು. ನಂಟು ಇದೆ ಎಂದಮಾತ್ರಕ್ಕೆ ಅದೇ ಕಾರಣ ಎಂದಾಗುವುದಿಲ್ಲ. ‘ವರ್ಚುವಲ್ ಆಟಿಸಂ’ ಎಂಬ ಮಾತಿನಿಂದ ಆಗುವ ಅಪಾಯ ಎರಡು ಕಡೆಗೂ ಇದೆ. ಆಟಿಸಂ ಇರುವ ಮಗುವಿನ ತಾಯಿ ‘ನಾನೇ ಮೊಬೈಲ್ ಕೊಟ್ಟು ಹೀಗಾಯಿತು’ ಎಂದು ಕೊರಗುತ್ತಾಳೆ. ಇನ್ನೊಂದು ಮನೆಯವರು ‘ಮೊಬೈಲ್ ಬಿಡಿಸಿದರೆ ಸರಿಹೋಗುತ್ತದೆ’ ಎಂದು ಕಾಯುತ್ತ ತಪಾಸಣೆಯ ಹೊತ್ತನ್ನೇ ಕಳೆದುಬಿಡುತ್ತಾರೆ. ಕಿವಿ ಸರಿಯಾಗಿ ಕೇಳಿಸದ ಮಗುವೂ ಮಾತಾಡುವುದಿಲ್ಲ ಎಂಬುದು ನೆನಪಿರಲಿ.

ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದ, ಒಂದೂವರೆ ವರ್ಷವಾದರೂ ಒಂದು ಪದವೂ ಆಡದ, ಬೆರಳು ತೋರಿಸಿ ಕೇಳದ, ಎರಡಾದರೂ ‘ಅಮ್ಮ ಬಾ’ ಎಂಬಂತೆ ಎರಡು ಪದ ಜೋಡಿಸದ ಮಗುವನ್ನು ಕಾಯಿಸದೆ ಮಕ್ಕಳ ವೈದ್ಯರ ಬಳಿ ಕರೆದೊಯ್ಯಿರಿ. ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದಕ್ಕೆಂದೇ ಇದೆ. ಅಷ್ಟು ದೂರ ಹೋಗಲಾಗದವರು ತಮ್ಮ ಊರಿನ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರುತ್ತದೆ, ಅಗತ್ಯವಿದ್ದವರನ್ನು ಜಿಲ್ಲಾ ಮಟ್ಟದ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಕಳಿಸುತ್ತದೆ. ಅಲ್ಲಿ ತಪಾಸಣೆಗೂ ಚಿಕಿತ್ಸೆಗೂ ಹಣ ಕೊಡಬೇಕಿಲ್ಲ.